ಅಡುಗೆಮನೆ ತನಕ ವೈರು

ಅಕ್ಟೋಬರ್ 6, ಸೋಮವಾರ

ಗಲ್ಫಿನ ದಮಾಮಿನಿಂದ ನಾನು ಕಳಿಸಿದ್ದ ಕಾರ್ಗೋ ಇವತ್ತು ಬಂತು. ಸ್ಪೀಕರ್ ಎರಡೂ ಒಡೆಯದೆ ಬಂದಿವೆ, ಅಲ್‌ಹಮ್ದುಲಿಲ್ಲಾ. ಆಂಪ್ಲಿಫೈಯರಿನ ಒಂದು ಮೂಲೆ ಸ್ವಲ್ಪ ಜಜ್ಜಿದೆ, ಅದು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಏನೆಂದರೆ, ಸ್ಪೀಕರಿನ ವೈರನ್ನು ಅಲ್ಲೇ ರೂಮಿನಲ್ಲಿ ಬಿಟ್ಟು ಬಂದಿದ್ದೇನೆ. ಅಷ್ಟು ವರ್ಷ ಗೋಡೌನ್ ಸೂಪರ್‌ವೈಸರ್ ಆಗಿದ್ದವನು ತನ್ನದೇ ಸಾಮಾನು ಕಟ್ಟುವಾಗ ವೈರು ಮರೆತನೆಂದರೆ ಯಾರಾದರೂ ನಕ್ಕಾರು.

ಪೆಟ್ಟಿಗೆ ಇಳಿಸಲು ನಾನು ಬಗ್ಗಿದ್ದೇ ತಡ, ಮಾಮ ಒಳಗಿನಿಂದ ಓಡಿ ಬಂದರು. "ಅಯ್ಯೋ, ನೀವು ಬಿಡಿ! ನೀವು ಕೂತ್ಕೊಳ್ಳಿ!" ಹೆಂಡತಿಯ ತಂದೆ, ಹೆಸರು ಯಾಹ್ಯಾ, ಹರ್ನಿಯಾ ಆಪರೇಷನ್ ಆದ ಮನುಷ್ಯ. ಅವರೊಂದು ಕಡೆ, ಟೆಂಪೋದ ಡ್ರೈವರ್ ಒಂದು ಕಡೆ ಹಿಡಿದು ಎತ್ತಿದರು. ಮೂವತ್ತಾರು ವರ್ಷದ ನಾನು ಚಾವಡಿಯಲ್ಲಿ ಕೂತು ಶರಬತ್ತು ಕುಡಿದೆ. ನಾಚಿಕೆಯಿಂದ ಸಾಯುವುದೊಂದು ಬಾಕಿ.

ಬೋಳಾರದ ಈ ಮಾಮನ ಮನೆಯಲ್ಲಿ ನನಗೆ ಹೆಸರಿಲ್ಲ. ನಾನು ಪುದಿಯಾಪ್ಳೆ, ಅಂದರೆ ಹೊಸ ಮದುಮಗ. ಪೇಟೆಯ ಹಳೆಯ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಮದುವೆಯಾದವನು ಹೆಂಡತಿಯ ಮನೆಯಲ್ಲೇ ಇರುವ ಕ್ರಮ. ಇರುವಷ್ಟು ಕಾಲವೂ ಅವನು ಮದುಮಗನೇ. ನನ್ನ ಮಗಳು ಹನಾನ್ ಒಂದನೇ ಕ್ಲಾಸಿಗೆ ಹೋಗುತ್ತಿದ್ದಾಳೆ, ನಾನಿನ್ನೂ ಹೊಸಬ. ಎಲ್ಲರಿಗೂ ಅಗ್ಗದ ಬೂತಾಯಿ ಮೀನು, ನನಗೆ ದುಬಾರಿಯ ಅಂಜಲ್. ಎಲ್ಲರಿಗೂ ಫ್ಯಾನ್, ನನ್ನ ಕೋಣೆಗೆ ಏಸಿ. ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದಾಗ ಇದು ಭಾರೀ ಸುಖ ಅನ್ನಿಸುತ್ತಿತ್ತು. ಈಗ ಕಂಪೆನಿ ಬಾಗಿಲು ಹಾಕಿ, ನಾನು ಬಂದು ಕೂತು ಎರಡು ತಿಂಗಳಾಯಿತು. ದಿನಾ ಬೆಳಗಾದರೆ ಮದುಮಗನಾಗುವುದು ಎಷ್ಟು ಕಷ್ಟ ಎಂದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಈ ಪುಸ್ತಕದಲ್ಲಿ ಬರೆಯಲು ಕೂತಿದ್ದೇನೆ. ಬ್ಯಾರಿ ಭಾಷೆಯಲ್ಲಿ ಮಾತಾಡಿ ಕನ್ನಡದಲ್ಲಿ ಬರೆಯುವುದು ನನ್ನೂರು ಕಾಟಿಪಳ್ಳದ ಶಾಲೆಯಿಂದ ಬಂದ ಅಭ್ಯಾಸ.

ಅಕ್ಟೋಬರ್ 8, ಬುಧವಾರ

ವೈರು ತರುತ್ತೇನೆ ಎಂದು ಹೊರಟೆ. ಅಷ್ಟರಲ್ಲಿ ಮಾಮ ಎಲೆಕ್ಟ್ರಿಷಿಯನ್ ಸಂಕಪ್ಪನಿಗೆ ಫೋನ್ ಮಾಡಿ ಆಗಿತ್ತು. ಸಂಕಪ್ಪ ಬಂದ. ಕಾಲಿಂಗ್ ಬೆಲ್ಲಿಗೆ ಎಳೆಯುವ ಸಪೂರ ವೈರನ್ನು ಚೀಲದಿಂದ ತೆಗೆದು ಎರಡು ನಿಮಿಷದಲ್ಲಿ ಸಿಕ್ಕಿಸಿದ. ನಾನು "ಒಂದು ನಿಮಿಷ, ಅದು..." ಎನ್ನುವಾಗ "ನೀವು ಕೂತ್ಕೊಳ್ಳಿ ಸಾಹೇಬ್ರೆ" ಎಂದ. ಅವನಿಗೂ ಯಾರೋ ಹೇಳಿಕೊಟ್ಟಿದ್ದಾರೆ.

ಹಾಡು ಹಾಕಿದೆ. ಸೊಳ್ಳೆ ಹಾಡಿದ ಹಾಗಿತ್ತು. ಮಾಮ ಕೋಣೆಯ ಹೊಸ್ತಿಲ ಆಚೆ ನಿಂತು "ಮಾಶಾಅಲ್ಲಾ, ಎಂಥ ಲಾಯ್ಕ ಉಂಟು!" ಎಂದರು. ಹೆಂಡತಿ ಹಫ್ಸಾ "ಹೌದು" ಎಂದಳು. ಹನಾನ್ ಅಡುಗೆಮನೆಯ ಪರದೆಯ ಕಡೆ ಒಮ್ಮೆ ನೋಡಿ "ಚಂದ ಉಂಟು ಉಪ್ಪ" ಎಂದಳು.

ಪರದೆಯ ಹಿಂದೆ ಇರುವುದು ಮಾಮಿ, ಹೆಂಡತಿಯ ತಾಯಿ. ಬೀಫಾತಿಮ್ಮ. ಹಳೆಯ ಕ್ರಮದವರು, ಪುದಿಯಾಪ್ಳೆಯ ಎದುರು ಬರುವುದಿಲ್ಲ, ನೇರ ಮಾತಾಡುವುದೂ ಇಲ್ಲ. ನನ್ನ ಪಕ್ಕದಲ್ಲೇ ಹನಾನ್ ಇದ್ದರೆ "ಮೋಳೇ, ಉಪ್ಪನಿಗೆ ಚಾ ಬೇಕಾ ಕೇಳು" ಎನ್ನುತ್ತಾರೆ. ನನಗೆ ಕೇಳಿರುತ್ತದೆ. ಆದರೂ ಹನಾನ್ ಕೇಳಬೇಕು, ನಾನು ಹನಾನ್‌ಗೆ ಹೇಳಬೇಕು, ಹನಾನ್ ಪರದೆಗೆ ಹೇಳಬೇಕು. ಅಷ್ಟರಲ್ಲಿ ಚಾ ತಣಿಯುತ್ತದೆ.

ಅಕ್ಟೋಬರ್ 11, ಶನಿವಾರ

ಪಂಪ್‌ವೆಲ್‌ನ ಫ್ಲೈಓವರ್ ಪಕ್ಕದ ಒಂದು ಆಡಿಯೋ ಅಂಗಡಿಗೆ ಹೋದೆ. ಅಲ್ಲಿ ಗ್ಲೆನ್ ಎಂಬ ಒಬ್ಬ, ಬಾಯಿಗೆ ಬೀಗವೇ ಇಲ್ಲ. ಹತ್ತು ಬಗೆಯ ವೈರು ಮೇಜಿನ ಮೇಲೆ ಹರಡಿದ. ಒಂದಕ್ಕೆ ನೇಯ್ದ ಬಟ್ಟೆಯ ಹೊದಿಕೆ, ತುದಿಗೆ ಚಿನ್ನದ ಬಣ್ಣ. ಮದುವೆಗೆ ಹೊರಟ ಹಾಗಿತ್ತು.

"ಇದು ಹಾಕಿದ್ರೆ ಉಂಟಲ್ಲ, ಹಾಡುವವರು ಉಸಿರು ತೆಗೆಯುವುದು ಸಾ ಕೇಳ್ತದೆ ಮಾರಾಯ್ರೆ."

"ನನಗೆ ಉಸಿರು ಬೇಡ, ಹಾಡು ಸಾಕು" ಎಂದೆ.

ಉಗುರಿನಿಂದ ತಂತಿಯನ್ನು ಕೆರೆದು ನೋಡಿದೆ. ಕೆಲವದರಲ್ಲಿ ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ. ಅಲ್ಯೂಮಿನಿಯಂ. ಗೋಡೌನ್‌ನಲ್ಲಿ ಇಂಥದ್ದು ಎಷ್ಟು ಹಿಡಿದಿಲ್ಲ ನಾನು! ಗ್ಲೆನ್ ಸ್ವಲ್ಪ ಮೆತ್ತಗಾದ. ಕಡೆಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ಜೋಡಿ ತಂತಿ ಇರುವ ಅಪ್ಪಟ ತಾಮ್ರದ್ದನ್ನು ತೋರಿಸಿದ. "ದೂರ ಎಷ್ಟು? ದೂರ ಜಾಸ್ತಿಯಾದ್ರೆ ದಪ್ಪದ್ದು ಬೇಕಾಗ್ತದೆ."

"ಒಂದೇ ಕೋಣೆ."

"ಎಂತ? ಅಷ್ಟು ದೊಡ್ಡ ಸ್ಪೀಕರ್ ಬೆಡ್‌ರೂಮಲ್ಲಾ? ಹಾಲಲ್ಲಿ ಇಡುವುದಲ್ಲವಾ?"

"ಅದು ಹೆಂಡತಿಯ ಮನೆ."

"ಅದಕ್ಕೆ ಎಂತ?" ಎಂದ. ಅವನಿಗೆ ಹೇಗೆ ಹೇಳುವುದು? ದಪ್ಪದ್ದನ್ನೇ ತೆಗೆದುಕೊಂಡೆ, ಬೇಕಾದದ್ದಕ್ಕಿಂತ ಹೆಚ್ಚೇ. ಹೋಲಿಸಿ ನೋಡಲು ಇರಲಿ ಎಂದು ಅಲ್ಯೂಮಿನಿಯಂನದ್ದೂ ಒಂದು ತುಂಡು.

ಅಕ್ಟೋಬರ್ 12, ಭಾನುವಾರ

ಇವತ್ತು ಪರೀಕ್ಷೆ ಮಾಡಿದೆ. ಒಮ್ಮೆ ತಾಮ್ರದ ವೈರು, ಒಮ್ಮೆ ಅಲ್ಯೂಮಿನಿಯಂ. ಮಾಮ, ಹಫ್ಸಾ, ಹನಾನ್ ಮೂವರನ್ನೂ ಬಾಗಿಲಲ್ಲಿ ನಿಲ್ಲಿಸಿ, ಯಾವುದು ಎಂದು ಹೇಳದೆ ಅದೇ ಹಾಡನ್ನು ಎರಡು ಸಲ ಕೇಳಿಸಿದೆ.

"ಯಾವುದು ಒಳ್ಳೆಯದು ಮಾಮ?"

"ಎರಡೂ ಒಂದಕ್ಕಿಂತ ಒಂದು ಲಾಯ್ಕ."

"ಹಾಗಲ್ಲ, ಒಂದು ಹೇಳಬೇಕು."

"ನಿಮಗೆ ಯಾವುದು ಇಷ್ಟವೋ ಅದು."

ನನಗೆ ಸಂಶಯ ಬಂತು. ಮೂರನೇ ಸಲ ಎಡಗಡೆಯ ಸ್ಪೀಕರಿನ ವೈರನ್ನು ಪೂರ್ತಿ ಕಿತ್ತು ಹಾಕಿ, ಒಂದೇ ಸ್ಪೀಕರಿನಲ್ಲಿ ಹಾಡು ಬಿಟ್ಟೆ. ಮಾಮ ಕಣ್ಣು ಮುಚ್ಚಿ, ತಲೆ ತೂಗಿ, "ಇದು ಎಲ್ಲದಕ್ಕಿಂತ ಲಾಯ್ಕ!" ಎಂದರು.

ನನ್ನದು ಯಾವುದಕ್ಕೂ ಈ ಮನೆಯಲ್ಲಿ ಕುಂದು ಹೇಳುವುದಿಲ್ಲ. ಹೇಳಿದರೆ ಪುದಿಯಾಪ್ಳೆಗೆ ಬೇಸರ ಆದೀತು ಎಂಬ ಹೆದರಿಕೆ. ಒಳ್ಳೆಯದು. ಆದರೆ ಸ್ಪೀಕರಿಗೆ ವೈರು ಆರಿಸುವುದು ಹೇಗೆ? ಬೇರೆಯವರ ಕಿವಿಯೂ ಬೇಕಲ್ಲ?

ಅಕ್ಟೋಬರ್ 16, ಗುರುವಾರ

ಅಝರ್ ಫೋನ್ ಮಾಡಿದ್ದ. ದಮಾಮಿನಲ್ಲಿ ನನ್ನ ರೂಮ್‌ಮೇಟ್. ಅವನ ಹೊಸ ಕಂಪೆನಿಗೆ ಅಲ್ಲೇ ಹತ್ತಿರದ ಜುಬೈಲ್‌ನಲ್ಲಿ ಗೋಡೌನ್ ನೋಡಿಕೊಳ್ಳಲು ಜನ ಬೇಕಂತೆ. ನವೆಂಬರ್ ಕೊನೆಯೊಳಗೆ ಹೌದೋ ಅಲ್ಲವೋ ಹೇಳಬೇಕು.

ಹಫ್ಸಾಗೆ ಹೇಳಿದೆ. ಅವಳು ಶಾಲೆಯ ಪೇಪರ್ ತಿದ್ದುತ್ತಿದ್ದಳು. ಹೋಗಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ನಿಮಗೆ ಕಂಡ ಹಾಗೆ ಮಾಡಿ" ಎಂದಳು. ಆಮೇಲೆ ಬಹಳ ಹೊತ್ತು ಒಂದೇ ಪೇಪರನ್ನು ತಿದ್ದಿದಳು.

ಹನಾನ್ ಬಂದು ಕೇಳಿದಳು, "ಉಪ್ಪ, ನೀವು ಸೂಟ್‌ಕೇಸ್ ಯಾವಾಗ ಕಟ್ಟುವುದು? ಕಟ್ಟುವ ಮೊದ್ಲು ನನಗೆ ಅದರ ಒಳಗೆ ಕೂತ್ಕೊಳ್ಳಬೇಕು." ನಾನು ಹೋಗುವವನು ಎಂಬುದರಲ್ಲಿ ಮಗುವಿಗೆ ಸಂಶಯವೇ ಇಲ್ಲ.

ಹೋಗುವುದು ಎಂದೇ ಕಾಣುತ್ತದೆ. ಇಲ್ಲಿ ನಾನಿದ್ದರೆ ಎಲ್ಲರಿಗೂ ಖರ್ಚು, ತೊಂದರೆ, ಪರದೆ. ಮೀನಿನ ಬೋಟು ನಿಲ್ಲುವ ದಕ್ಕೆಯಲ್ಲಿ ಮಾಮನಿಗೆ ಹಗ್ಗ, ಬಲೆಯ ಅಂಗಡಿ ಉಂಟು. ಕೂತುಕೊಳ್ಳುತ್ತೇನೆ ಎಂದು ಒಮ್ಮೆ ಕೇಳಿದ್ದೆ. "ಪುದಿಯಾಪ್ಳೆಯನ್ನು ಅಂಗಡಿಯಲ್ಲಿ ಕೂರಿಸಿದ್ರೆ ಊರವರು ಎಂತ ಹೇಳಿಯಾರು?" ಎಂದು ನಕ್ಕುಬಿಟ್ಟರು. ಇದ್ದರೂ ಒಂದೇ, ಹೋದರೂ ಒಂದೇ ಎನ್ನುವ ಕಡೆ ಇದ್ದು ಏನು ಮಾಡುವುದು?

ಅಕ್ಟೋಬರ್ 19, ಭಾನುವಾರ

ಇವತ್ತೊಂದು ವಿಷಯ ಗೊತ್ತಾಯಿತು. ಮಾಮನಿಗೆ ತಾಳಮದ್ದಳೆ ಎಂದರೆ ಪ್ರಾಣ. ಮೊಬೈಲನ್ನು ಕಿವಿಗೆ ಒತ್ತಿಕೊಂಡು ಚಾವಡಿಯಲ್ಲಿ ಒಬ್ಬರೇ ಕೇಳುತ್ತಿದ್ದರು. ಕೃಷ್ಣನೂ ಕೌರವನೂ ವಾದ ಮಾಡುತ್ತಿದ್ದರು, ಮಾಮ ಮಧ್ಯೆ ಮಧ್ಯೆ "ಹಾಂ, ಹೇಳು, ಈಗ ಹೇಳು ಅವನಿಗೆ!" ಎನ್ನುತ್ತಿದ್ದರು. ದಕ್ಕೆಯಲ್ಲಿ ಬೋಟಿನವರ ಜೊತೆ ಸೇರಿ ಚಿಕ್ಕಂದಿನಿಂದ ಹಿಡಿದ ಹುಚ್ಚಂತೆ.

"ಸ್ಪೀಕರಲ್ಲಿ ಕೇಳಿ ಮಾಮ, ಬನ್ನಿ" ಎಂದೆ. ಬಂದರು, ಹೊಸ್ತಿಲಲ್ಲಿ ನಿಂತರು. ಮಗಳು-ಅಳಿಯನ ಕೋಣೆಯೊಳಗೆ ಅವರು ಕಾಲಿಡುವುದಿಲ್ಲ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಒಂದು ಪ್ರಸಂಗ ಮುಗಿಯುವ ತನಕ ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿದರು. ನಡುನಡುವೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು.

ಸ್ಪೀಕರನ್ನು ಹಾಲಿಗೆ ಹಾಕುವುದೇ ಸರಿ. ಆಂಪ್ಲಿಫೈಯರ್ ಕೋಣೆಯಲ್ಲೇ ಇರಲಿ, ವೈರು ಬಾಗಿಲ ಮೇಲಿಂದ ಹೋಗಲಿ. ಗ್ಲೆನ್‌ನಿಂದ ಹೆಚ್ಚು ತಂದದ್ದು ಒಳ್ಳೆಯದಾಯಿತು. ಹೇಳಿದರೆ ಮತ್ತೆ ಸಂಕಪ್ಪನನ್ನು ಕರೆಸುತ್ತಾರೆ. ಹೇಳಲಿಕ್ಕಿಲ್ಲ.

ಅಕ್ಟೋಬರ್ 26, ಭಾನುವಾರ

ಎಲ್ಲರೂ ಉಳ್ಳಾಲಕ್ಕೆ ಮದುವೆಗೆ ಹೋದರು. ನಾನು ತಲೆನೋವು ಎಂದೆ. ಕಾರು ಗೇಟು ದಾಟಿತೋ ಇಲ್ಲವೋ, ಲುಂಗಿ ಎತ್ತಿ ಕಟ್ಟಿ ಏಣಿ ಹತ್ತಿದೆ.

ಎಷ್ಟು ತಿಂಗಳಾಯಿತು ಕೈಗೆ ಮಸಿ ಆಗದೆ! ಮರದ ಅಟ್ಟದ ಕೆಳಗಿನಿಂದ ವೈರು ಎಳೆದೆ, ಕ್ಲಿಪ್ ಹೊಡೆದೆ. ಒಂದೊಂದು ಮೊಳೆ ಹೊಡೆಯುವಾಗಲೂ ಯಾರೋ "ನೀವು ಬಿಡಿ" ಎಂದ ಹಾಗಾಗಿ ಹಿಂದೆ ತಿರುಗಿ ನೋಡುತ್ತಿದ್ದೆ. ಯಾರೂ ಇರಲಿಲ್ಲ. ಬಾಯಲ್ಲಿ ಮೊಳೆ ಕಚ್ಚಿಕೊಂಡು ಸಿಳ್ಳೆ ಹಾಕಲು ಆಗುವುದಿಲ್ಲ, ಇಲ್ಲದಿದ್ದರೆ ಹಾಕುತ್ತಿದ್ದೆ.

ಕಡೆಯ ಸ್ಪೀಕರಿಗೆ ಸಿಕ್ಕಿಸುವಾಗ ಗೇಟಿನ ಸದ್ದು. ಗಡಿಬಿಡಿಯಲ್ಲಿ ಬಿಗಿದು, ಏಣಿ ಅಡಗಿಸಿ, ಹಾಸಿಗೆಗೆ ಹಾರಿ ತಲೆಗೆ ಟವೆಲ್ ಕಟ್ಟಿಕೊಂಡೆ.

ಅಕ್ಟೋಬರ್ 27, ಸೋಮವಾರ

ಸ್ಪೀಕರ್ ಹಾಲಿನಲ್ಲಿ ನೋಡಿ ಮಾಮ ಅದರ ಸುತ್ತ ಒಂದು ಸುತ್ತು ಬಂದರು. ಸೋಫಾದಲ್ಲಿ ಕೂತು ತಾಳಮದ್ದಳೆ ಕೇಳಿದರು. "ಲಾಯ್ಕ ಉಂಟು" ಎಂದರು. ಹಫ್ಸಾ "ಲಾಯ್ಕ ಉಂಟು" ಎಂದಳು. ಆಮೇಲೆ ಕೋಣೆಯಲ್ಲಿ ನನ್ನ ಹೆಬ್ಬೆರಳಿನ ಗಾಯ ನೋಡಿ, "ತಲೆನೋವು ಕೈಗೆ ಇಳಿದದ್ದಾ?" ಎಂದು ಕೇಳಿದಳು.

ನವೆಂಬರ್ 5, ಬುಧವಾರ

ಏನೋ ಸರಿ ಇಲ್ಲ. ಎಲ್ಲರೂ ಹೊಗಳುತ್ತಾರೆ, ಯಾರೂ ಕೂರುವುದಿಲ್ಲ. ಮಾಮ ಸ್ವಲ್ಪ ಹೊತ್ತು ಕೇಳಿ "ನಮಾಜಿಗೆ ಹೊತ್ತಾಯ್ತು" ಎಂದು ಎದ್ದು ಹೋಗುತ್ತಾರೆ. ಮಸೀದಿಯಲ್ಲಿ ಬಾಂಕ್ ಕೂಗಲು ಇನ್ನೂ ಗಂಟೆಗಟ್ಟಲೆ ಇರುತ್ತದೆ. ನಿನ್ನೆ ಹೊರಗೆ ಪಾಗಾರದ ಗೋಡೆಯ ಹತ್ತಿರ ನಿಂತು ಮೊಬೈಲ್ ಕಿವಿಗೆ ಒತ್ತಿ ತಾಳಮದ್ದಳೆ ಕೇಳುತ್ತಿದ್ದರು. ನನ್ನನ್ನು ನೋಡಿ ಕಿಸೆಗೆ ಹಾಕಿದರು.

ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರೆ ನನಗೆ ಸರಿಯಾಗಿಯೇ ಕೇಳುತ್ತದೆ. ಹಾಲಿನಲ್ಲಿ ಕೂತು ಕೇಳೋಣ ಎಂದರೆ, ಆ ಸೋಫಾದಲ್ಲಿ ನಾನು ಕೂತ ಕೂಡಲೇ ಮಾಮ ಎದ್ದು ನಿಲ್ಲುತ್ತಾರೆ. ಹಾಗಾಗಿ ನಾನು ಕೂರುವುದಿಲ್ಲ.

ವೈರು ಇನ್ನೂ ದಪ್ಪ ಬೇಕಿತ್ತೋ ಏನೋ. ಗ್ಲೆನ್‌ಗೆ ಫೋನ್ ಮಾಡಿದೆ. "ವೈರಿಗೆ ಎಂತ ಆಗ್ಲಿಕ್ಕಿಲ್ಲ. ಮನೆಯವರಲ್ಲಿ ಕೇಳಿ, ಎಂತ ಕುಂದು ಉಂಟು ಅಂತ" ಎಂದ. ಮನೆಯವರಲ್ಲಂತೆ. ಇವರ ಬಾಯಿಂದ ಕುಂದು ಬರುವುದಕ್ಕಿಂತ ಮೊದಲು ನಾನು ಜುಬೈಲ್‌ಗೆ ಮುಟ್ಟಿಯಾಗುತ್ತದೆ.

ನವೆಂಬರ್ 9, ಭಾನುವಾರ

ಇವತ್ತು ಈ ಮನೆಯಲ್ಲಿ ನನಗೆ ಅವಮಾನ ಆಯಿತು. ವಿವರವಾಗಿ ಬರೆದಿಡುತ್ತೇನೆ.

ಮಧ್ಯಾಹ್ನ ಊಟ ಆದ ಮೇಲೆ, ಎಲ್ಲರಿಗೂ ಖುಷಿಯಾಗಲಿ ಎಂದು ಹಳೆಯ ಬ್ಯಾರಿ ಮದುವೆ ಹಾಡು ಹಾಕಿದೆ. ಹೆಂಗಸರು ಕೈತಟ್ಟಿ ಹಾಡುವಂಥದ್ದು. ಒಂದು ನುಡಿ ಮುಗಿಯಲಿಲ್ಲ, ಪರದೆಯ ಹಿಂದೆ ಪಾತ್ರೆ ಕುಕ್ಕಿದ ಸದ್ದು ಕೇಳಿತು.

"ಸಾಕು! ನಿಲ್ಲಿಸಿ ಅದನ್ನು! ಹಾಡುವವಳು ಎಂತ ಬಾವಿಗೆ ಬಿದ್ದಿದ್ದಾಳಾ?"

ಪರದೆ ಸರಿಯಿತು. ಮಾಮಿ ಹೊರಗೆ ಬಂದರು. ಕೈಯಲ್ಲಿ ಸೌಟು, ತಲೆಯ ಮೇಲೆ ಸೆರಗು.

"ಎರಡು ವಾರ ಆಯ್ತು, ಕೇಳಿ ಕೇಳಿ ನನ್ನ ತಲೆ ಹಾಳಾಯ್ತು. ಈ ಹಾಡು ನಾನು ಹಾಡಿದವಳು, ನನಗೆ ಗೊತ್ತುಂಟು. ಅವಳ ಸ್ವರ ಒಂದು ಚೂರು ಆ ಗೋಡೆಯಲ್ಲಿ, ಒಂದು ಚೂರು ಈ ಗೋಡೆಯಲ್ಲಿ, ನಡುವಿನಲ್ಲಿ ಎಂತ ಉಂಟು? ಎಂತ ಇಲ್ಲ! ಎಲ್ಲರೂ ಲಾಯ್ಕ ಲಾಯ್ಕ ಅಂತ ಹೇಳ್ತೀರಿ, ನಿಮಗೆಲ್ಲ ಕಿವಿ ಇಲ್ಲವಾ? ನೋಡು, ಎಂತದೋ ಉಲ್ಟಾ ಹಾಕಿದ್ದಿ ನೀನು!"

"ನೀನು" ಎಂದದ್ದು ನನಗೆ. ಹನಾನ್ ಮೂಲಕವೂ ಅಲ್ಲ, ನೇರ ನನ್ನ ಮುಖಕ್ಕೆ. ಮಾಮ "ಬೀ... ಬೀಫಾತಿಮ್ಮ..." ಎಂದು ತೊದಲಿದರು. ಅವರ ಮುಖ ಒಣಗಿದ ಬಂಗುಡೆ ಮೀನಿನ ಹಾಗಾಗಿತ್ತು. ಆಗ ಮಾಮಿಗೂ ಎಚ್ಚರವಾಯಿತು. ಸೌಟು ಸಮೇತ ಒಳಗೆ ಓಡಿದರು.

ನಾನು ಹೋಗಿ ಸ್ಪೀಕರಿನ ಹಿಂದೆ ನೋಡಿದೆ. ಈ ವೈರಿನ ಎರಡು ಎಳೆಯಲ್ಲಿ ಒಂದಕ್ಕೆ ಗೆರೆ ಇರುತ್ತದೆ. ಗೆರೆಯದ್ದು ಆಂಪ್ಲಿಫೈಯರ್, ಸ್ಪೀಕರ್ ಎರಡೂ ಕಡೆ ಕೆಂಪು ತೂತಿಗೆ ಹೋಗಬೇಕು. ಆ ದಿನದ ಗಡಿಬಿಡಿಯಲ್ಲಿ ಬಲಗಡೆಯ ಸ್ಪೀಕರಿಗೆ ಕೆಂಪಿನದ್ದು ಕಪ್ಪಿಗೆ, ಕಪ್ಪಿನದ್ದು ಕೆಂಪಿಗೆ ಹಾಕಿದ್ದೆ. ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ನಡುವೆ ನಿಲ್ಲಬೇಕಾದ ಸ್ವರ ಚೂರಾಗಿ ಹೋಗುತ್ತದೆ. ಶಾಲೆಯ ಮಕ್ಕಳೂ ಮಾಡದ ತಪ್ಪು.

ತಿರುಗಿಸಿ ಹಾಕಿದೆ. ಹಾಡುವ ಹೆಂಗಸು ಸೀದಾ ಬಂದು ಹಾಲಿನ ನಡುವಿನಲ್ಲಿ ನಿಂತಳು. ಪರದೆಯ ಹಿಂದಿನಿಂದ ಸಣ್ಣ ಸ್ವರ ಬಂತು, "ಹಾಂ. ಈಗ ಮೇಲೆ ಬಂದಳು."

ಮಾಮ ಸಂಜೆ ತನಕ ಕ್ಷಮೆ ಕೇಳಿದರು. ನಾನು "ಪರವಾಗಿಲ್ಲ" ಎಂದೆ. ಪರವಾಗಿಲ್ಲ ಏನು ಪರವಾಗಿಲ್ಲ? ಇಷ್ಟು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಆದರೆ ಸ್ವರ ಎಷ್ಟು ಚೆನ್ನಾಗಿ ಬರುತ್ತಿದೆ ಎಂದರೆ, ಹತ್ತು ಸಲ ಹಾಕಿ ಕೇಳಿದೆ.

ನವೆಂಬರ್ 12, ಬುಧವಾರ

ಮಾಮಿ ಮೂರು ದಿನ ಮಾತಾಡಿರಲಿಲ್ಲ. ಇವತ್ತು ಹಫ್ಸಾಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದರು, "ಹಾಲಲ್ಲಿ ಕೂತವರಿಗೆ ಮಾತ್ರ ಹಾಡು. ಒಳಗೆ ಬೇಯುವವರು ಬೇಯಲಿ."

ಹಫ್ಸಾ ನನ್ನನ್ನು ನೋಡಿದಳು. ನನ್ನ ಹತ್ತಿರ ಹಳೆಯ ಒಂದು ಜೋಡಿ ಸಣ್ಣ ಸ್ಪೀಕರ್ ಉಂಟು, ಪುಸ್ತಕದ ಕಪಾಟಿನಲ್ಲಿ ಇಡುವಂಥದ್ದು. ಆಂಪ್ಲಿಫೈಯರಿಗೆ ಎರಡನೇ ಜೋಡಿ ಸಿಕ್ಕಿಸುವ ಜಾಗವೂ ಉಂಟು. ಆದರೆ ಅಡುಗೆಮನೆ ತನಕ ವೈರು ಎಳೆಯಬೇಕಾದರೆ ಅಡುಗೆಮನೆಗೆ ಹೋಗಬೇಕಲ್ಲ? ಮದುವೆಯಾದ ಮೇಲೆ ನಾನು ಒಮ್ಮೆಯೂ ಪರದೆಯ ಆಚೆ ಹೋಗಿಲ್ಲ.

ಪರದೆಯ ಎದುರು ನಿಂತು ಕೆಮ್ಮಿದೆ. "ಅಳತೆ ತೆಗೆಯಲಿಕ್ಕೆ ಇತ್ತು" ಎಂದೆ.

ಒಳಗೆ ಪಾತ್ರೆ ಬದಿಗೆ ಸರಿಸಿದ ಸದ್ದು. ಆಮೇಲೆ, "ಚಪ್ಪಲಿ ಹೊರಗೆ ಇಟ್ಟು ಬಾ."

ಪಂಪ್‌ವೆಲ್‌ಗೆ ಹೋಗಿ ಗ್ಲೆನ್‌ಗೆ ಅಳತೆ ಕೊಟ್ಟೆ. "ಇಷ್ಟು ದೂರವಾ? ಇನ್ನೂ ದಪ್ಪದ್ದು ತಗೊಳ್ಳಿ ಮಾರಾಯ್ರೆ" ಎಂದ. ಮನೆಗೆ ತಂದಾಗ ಮಾಮ ರೀಲನ್ನು ಕೈಯಲ್ಲಿ ತೂಗಿ, ಹಗ್ಗದ ಹಾಗೆ ಎಳೆದು ನೋಡಿ, "ಬೋಟು ಕಟ್ಟಬಹುದು" ಎಂದರು. ಹೊಗಳಿಕೆಯೋ ತಮಾಷೆಯೋ ಗೊತ್ತಾಗಲಿಲ್ಲ. ಮೊದಲಾದರೆ ಹೊಗಳಿಕೆಯೇ ಇರುತ್ತಿತ್ತು.

ನವೆಂಬರ್ 15, ಶನಿವಾರ

ಇವತ್ತು ಮತ್ತೆ ಬೈಗಳು. ಗೋಡೆಗೆ ಡ್ರಿಲ್ ಹಾಕುವಾಗ ಕೆಂಪು ಮಣ್ಣೆಲ್ಲ ಸುರಿದು ಬೂತಾಯಿ ಸಾರಿನ ಒಳಗೆ ಬಿತ್ತು. ಪಾತ್ರೆಗೆ ಮುಚ್ಚಳ ಇರಲಿಲ್ಲ, ಅದು ನನ್ನ ತಪ್ಪಲ್ಲ.

"ಬುದ್ಧಿ ಉಂಟಾ ನಿನಗೆ? ತೂತು ತೆಗೆಯುವ ಮೊದ್ಲು ಕೆಳಗೆ ನೋಡ್ಲಿಕ್ಕೆ ಆಗುವುದಿಲ್ಲವಾ? ಎರಡು ಕಣ್ಣು ಎಂತಕ್ಕೆ ಕೊಟ್ಟದ್ದು ಅಲ್ಲಾಹು?"

"ಮುಚ್ಚಳ ಹಾಕ್ಬೇಕಿತ್ತು ಮಾಮಿ" ಎಂದೆ.

"ನನಗೆ ಹೇಳ್ಲಿಕ್ಕೆ ಬರ್ತಾನೆ!"

ಅಲ್ಲಿಂದ ಸುಮಾರು ಹೊತ್ತು ಇಬ್ಬರೂ ಮುಚ್ಚಳದ ವಿಷಯ ವಾದ ಮಾಡಿದೆವು. ಮಾಮ ಬಾಗಿಲಲ್ಲಿ ನಿಂತು ತಾಳಮದ್ದಳೆ ಕೇಳುವ ಹಾಗೆ ಕೇಳಿದರು. ಮಧ್ಯಾಹ್ನ ಎಲ್ಲರಿಗೂ ಗಂಜಿ, ಉಪ್ಪಿನಕಾಯಿ, ಒಣಮೀನು. ನನಗೂ ಅದೇ. ಯಾರೂ ಬೇರೆ ಏನೂ ಮಾಡಿಕೊಡಲಿಲ್ಲ. ಮೂರು ಬಟ್ಟಲು ತಿಂದೆ, ಹಸಿವಾಗಿತ್ತು.

ಮಿಕ್ಸಿಯ ಕರೆಂಟಿನ ವೈರು ಪಕ್ಕದಲ್ಲೇ ಹೋದರೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆಯೋ ಏನೋ ಎಂಬ ಹೆದರಿಕೆ. ದೂರದಿಂದ ತರಬೇಕು. ಮಾಮಿ ಹೇಳಿದ ಹಾಗೆ ಹೊಗೆ ಹೋಗುವ ಕಿಂಡಿಯ ಕಡೆಯಿಂದ ತಂದರೆ ದಾರಿ ಹತ್ತಿರ. ಅದನ್ನು ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೂ ಹಾಗೆಯೇ ಮಾಡುತ್ತೇನೆ.

ನವೆಂಬರ್ 20, ಗುರುವಾರ

ಮಾಮ ಚಾ ಕುಡಿಯುತ್ತಾ ಪೇಪರಿನಿಂದ ತಲೆ ಎತ್ತದೆ ಹೇಳಿದರು, "ನಾಳೆ ನನಗೆ ಡಾಕ್ಟರ ಹತ್ತಿರ ಹೋಗ್ಲಿಕ್ಕೆ ಉಂಟು. ನೀನು ಅಂಗಡಿ ತೆಗಿ. ಬೋಟಿನವರು ಬೇಗ ಬರ್ತಾರೆ, ತಡ ಮಾಡ್ಬೇಡ."

ಆಗುತ್ತದಾ ಎಂದು ಕೇಳಲೂ ಇಲ್ಲ. ಊರವರ ವಿಷಯವೂ ಬರಲಿಲ್ಲ.

ನವೆಂಬರ್ 21, ಶುಕ್ರವಾರ

ಅಂಗಡಿ ತೆಗೆದೆ. ಬಲೆಯೆಲ್ಲ ಒಂದರ ಮೇಲೊಂದು ರಾಶಿ. ಇದೊಂದು ಗೋಡೌನಾ? ಜುಮಾ ನಮಾಜು ಆದ ಮೇಲೆ ಅರ್ಧ ಸರಿ ಮಾಡಿದೆ. ಮೈಯೆಲ್ಲ ಮೀನಿನ ವಾಸನೆ. ಬರೆಯಲು ಕೈಯಲ್ಲಿ ಶಕ್ತಿ ಇಲ್ಲ.

ನವೆಂಬರ್ 25, ಮಂಗಳವಾರ

ಅಂಗಡಿ. ಡಾಕ್ಟರರ ಹತ್ತಿರ ಹೋಗಿ ಎಷ್ಟು ದಿನ ಆಯಿತು, ಮಾಮ ಬೆಳಿಗ್ಗೆ ಬರುವುದೇ ಇಲ್ಲ, ತಾಳಮದ್ದಳೆ ಹಾಕಿ ಕೂರುತ್ತಾರೆ. ಅಡುಗೆಮನೆಯ ಒಂದು ಸ್ಪೀಕರ್ ಹಾಡುತ್ತಿದೆ, ಇನ್ನೊಂದರ ವೈರಿಗೆ ಪಟ್ಟಿ ಹೊಡೆಯಲು ಬಾಕಿ. "ನಾಳೆ ನಾಳೆ ಅಂತ ಎಷ್ಟು ದಿನ?" ಎಂದು ಮಾಮಿ ಕೇಳುತ್ತಲೇ ಇದ್ದಾರೆ. ಅಝರ್‌ನ ಮೂರು ಮಿಸ್ಡ್ ಕಾಲ್.

ನವೆಂಬರ್ 30, ಭಾನುವಾರ

ಇವತ್ತು ಎರಡು ವಿಷಯ ಆಯಿತು. ಎರಡೂ ಬರೆಯಬೇಕು, ಯಾಕೆಂದರೆ ಒಂದರಿಂದ ನನಗೆ ನಿಜವಾಗಿಯೂ ಬೇಸರ ಆಗಿದೆ.

ಅಡುಗೆಮನೆಯ ಎರಡನೇ ಸ್ಪೀಕರಿನ ಕೆಲಸ ಮುಗಿಸಿ ಏಣಿಯಿಂದ ಇಳಿದದ್ದೇ, ಮಾಮಿ ಚೂರಿ ಮತ್ತು ಮಣೆ ನನ್ನ ಎದುರು ದೂಡಿದರು. "ಸುಮ್ಮನೆ ನಿಂತದ್ದಲ್ಲವಾ, ಈ ನೀರುಳ್ಳಿ ಕೊಚ್ಚು." ಕೂತೆ. ಆಗ ಹೊರಗೆ ಮಾಮಿಯ ಅಣ್ಣ ಉಮರಬ್ಬಾಕನ ಸ್ವರ ಕೇಳಿತು. ಮಗಳ ಮದುವೆಗೆ ಕರೆಯಲು ಬಂದಿದ್ದರು. ಮಾಮಿ ಸೆರಗು ಸರಿ ಮಾಡಿ ಹೊರಗೆ ಹೋದರು.

ನಮ್ಮಲ್ಲಿ ಒಂದು ಕ್ರಮ ಉಂಟು. ಮದುವೆಗೆ ಮನೆಯವರನ್ನು ಒಮ್ಮೆ ಕರೆದರೆ ಸಾಲದು, ಪುದಿಯಾಪ್ಳೆಯನ್ನು ಬೇರೆಯಾಗಿ, ಅವನ ಹೆಸರಿನ ಕಾರ್ಡ್ ಅವನ ಕೈಗೇ ಕೊಟ್ಟು ಕರೆಯಬೇಕು. ಕರೆಯದಿದ್ದರೆ ಅವನು ಹೋಗುವುದಿಲ್ಲ, ಹೋಗಲೂಬಾರದು. ಇಷ್ಟು ವರ್ಷ ಯಾರೂ ತಪ್ಪಿಸಿದವರಲ್ಲ.

ಉಮರಬ್ಬಾಕ ಕೇಳಿದರು, "ಪುದಿಯಾಪ್ಳೆ ಎಲ್ಲಿ? ಅವರ ಕಾರ್ಡ್ ಬೇರೆಯೇ ತಂದಿದ್ದೇನೆ."

ಮಾಮಿಯ ಉತ್ತರವನ್ನು ನನ್ನ ಎರಡೂ ಕಿವಿಯಿಂದ ಕೇಳಿದೆ. "ಯಾರಿಗೆ ಬೇರೆ? ಉಬೈದನಿಗಾ? ಅವನಿಗೆ ಎಂತಕ್ಕೆ ಬೇರೆ ಕಾರ್ಡ್? ನಾವು ಬರುವಾಗ ಅವನೂ ಬರ್ತಾನೆ. ಅದನ್ನು ವಾಪಸ್ ತಗೊಂಡು ಹೋಗು ಅಣ್ಣ, ಯಾರಾದ್ರೂ ದೂರದವರಿಗೆ ಆಗ್ತದೆ."

ಉಮರಬ್ಬಾಕ ವಾಪಸ್ ತೆಗೆದುಕೊಂಡೂ ಹೋದರು! ನನಗೆ ಕಾರ್ಡೇ ಇಲ್ಲ. ನನ್ನ ಹೆಸರು ಮುದ್ದಾಗಿ ಬರೆದಿದ್ದರೋ ಏನೋ, ನೋಡಲೂ ಸಿಗಲಿಲ್ಲ. ಗೌರವ ಎಂಬುದು ಈ ಮನೆಯಿಂದ ಎದ್ದೇ ಹೋಗಿದೆ.

ಅದೇ ಸಿಟ್ಟಿನಲ್ಲಿ ಇರುವಾಗ ಅಝರ್‌ನ ಫೋನ್ ಬಂತು. ಕೈಯೆಲ್ಲ ನೀರುಳ್ಳಿ, ಹೆಗಲಿಗೂ ಕಿವಿಗೂ ಮಧ್ಯೆ ಇಟ್ಟು ಮಾತಾಡಿದೆ.

"ಎಂತ ಮಾರಾಯ, ಇವತ್ತು ಲಾಸ್ಟ್ ಡೇಟ್. ಬರ್ತೀಯಾ ಇಲ್ಲವಾ?"

"ಈಗ ಹೇಗೆ ಬರುವುದು? ನಮ್ಮ ಮನೆಯಲ್ಲಿ ಮದುವೆ ಉಂಟು ಮಾರಾಯ. ಬೋಟಿನ ಸೀಸನ್ ಬೇರೆ, ಅಂಗಡಿಯಲ್ಲಿ ಯಾರಿದ್ದಾರೆ?"

"ನಿಮ್ಮ ಮನೆಯಲ್ಲಾ? ಕಾಟಿಪಳ್ಳದಲ್ಲಾ? ಯಾರದ್ದು?"

"ಕಾಟಿಪಳ್ಳದಲ್ಲಿ ಎಂತ ಉಂಟು? ಇಲ್ಲಿ. ಮಾಮಿಯ ಅಣ್ಣನ ಮಗಳದ್ದು."

ಅಝರ್ ಜೋರಾಗಿ ನಕ್ಕು, "ಆಯ್ತು, ನಾನು ಬೇರೆಯವರನ್ನು ನೋಡ್ತೇನೆ" ಎಂದು ಇಟ್ಟುಬಿಟ್ಟ. ನಗುವಂಥದ್ದು ಏನಿತ್ತು ಎಂದು ಈಗಲೂ ಗೊತ್ತಾಗುತ್ತಿಲ್ಲ.

ತಿರುಗಿ ನೋಡಿದರೆ ಹಫ್ಸಾ ಬಾಗಿಲಲ್ಲಿ ನಿಂತಿದ್ದಳು. ಕಣ್ಣಿನಲ್ಲಿ ನೀರು ಧಾರಾಳವಾಗಿ ಇಳಿಯುತ್ತಿತ್ತು. ಏನಾಯಿತು ಎಂದು ಕೇಳಿದೆ. ನೀರುಳ್ಳಿ ಎಂದಳು. ಅಷ್ಟು ದೂರ ನಿಂತವಳಿಗೆ! ಕೊಚ್ಚುತ್ತಿದ್ದ ನನ್ನ ಕಣ್ಣಿಗೇ ಏನೂ ಆಗಿರಲಿಲ್ಲ.